ಸಿಂಗಾಪುರದಲ್ಲಿ ಬಾಡಿಗೆ ಮನೆ: ಸಹಿ ಹಾಕುವ ಮುನ್ನ ತಿಳಿದಿರಬೇಕಾದದ್ದು

ಕೆಲಸಕ್ಕೆಂದು ಸಿಂಗಾಪುರಕ್ಕೆ ಬರುವ ಕನ್ನಡಿಗರು ಬಾಡಿಗೆಯ ವಿಷಯದಲ್ಲಿ ಬೆಂಗಳೂರಿನ ಲೆಕ್ಕಾಚಾರವನ್ನೇ ತಲೆಯಲ್ಲಿಟ್ಟುಕೊಂಡು ಬರುತ್ತಾರೆ. ಅಲ್ಲಿ ಬಹುಕಾಲ ನಡೆದುಬಂದ ರೂಢಿ ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು. ಬೇಡವೆನಿಸಿದರೆ ಒಂದೆರಡು ತಿಂಗಳು ಮೊದಲೇ ಹೇಳಿ ಖಾಲಿ ಮಾಡಬಹುದು. ಬಣ್ಣದ ಖರ್ಚಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಮಾಲೀಕರು ಹಿಂದಿರುಗಿಸುತ್ತಾರೆ. ಸಿಂಗಾಪುರದಲ್ಲಿ ಅಡ್ವಾನ್ಸ್ ಕಡಿಮೆ, ಕರಾರು ಬಿಗಿ. ಎರಡು ವರ್ಷಕ್ಕೆ ಸಹಿ ಹಾಕಿದರೆ ಎರಡು ವರ್ಷದ ಬಾಡಿಗೆಗೂ ನೀವೇ ಹೊಣೆ. ನಡುವೆ ಬಿಟ್ಟು ಹೋಗುವ ದಾರಿ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು, ಬರೆಯದಿದ್ದರೆ ಇಲ್ಲ.

ಆದ್ದರಿಂದ ಇಲ್ಲಿ ಮನೆ ಹುಡುಕುವವರ ಮಾತಿಗೆ ಬೆಲೆಯಿರುವುದು ಕೆಲವೇ ದಿನ: ಮನೆ ಒಪ್ಪಿಗೆಯಾದ ಗಳಿಗೆಯಿಂದ ಕಾಗದಕ್ಕೆ ಸಹಿ ಬೀಳುವ ತನಕ. ಕೇಳಬೇಕಾದದ್ದನ್ನೆಲ್ಲ ಆ ಅವಧಿಯಲ್ಲೇ ಕೇಳಿ ಬರೆಸಿಕೊಳ್ಳಬೇಕು. ಇಲ್ಲಿರುವ ಪ್ರತಿಯೊಂದು ಹೆಜ್ಜೆಯೂ ಆ ಕೆಲವು ದಿನಗಳಿಗೆ ನಿಮ್ಮನ್ನು ಸಿದ್ಧಗೊಳಿಸುವುದಕ್ಕಾಗಿಯೇ ಇದೆ.

ಮೊದಲ ಕೆಲವು ವಾರಗಳಿಗೆ ಬೇರೆ ನೆಲೆ

ಭಾರತದಲ್ಲಿ ಕುಳಿತು ಫೋಟೋ, ವಿಡಿಯೋ ನೋಡಿ ಎರಡು ವರ್ಷದ ಕರಾರಿಗೆ ಒಪ್ಪಬೇಡಿ. ಬಂದ ಮೇಲೆ ನೋಡಿಯೇ ಆರಿಸಿ. ಅಲ್ಲಿಯವರೆಗೆ ತಂಗಲು ಹೋಟೆಲ್ ಇದೆ, ಸರ್ವಿಸ್ ಅಪಾರ್ಟ್‌ಮೆಂಟ್ ಇದೆ. ಕಂಪನಿ ಮೊದಲ ಕೆಲವು ವಾರಗಳ ವಸತಿ ಕೊಡುತ್ತದೆಯೇ ಎಂದು ಆಫರ್ ಪತ್ರಕ್ಕೆ ಸಹಿ ಹಾಕುವಾಗಲೇ ಕೇಳಿ. ಬಂದಿಳಿದ ಮೇಲೆ ಕೇಳಿದರೆ ಸಿಗುವುದು ಕಷ್ಟ.

ಒಂದು ಕಾನೂನು ಗೊತ್ತಿರಲಿ. ಖಾಸಗಿ ಮನೆಗಳನ್ನು ಸತತ 3 ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಸರ್ಕಾರಿ ವಸತಿ ಮಂಡಳಿಯ ಎಚ್‌ಡಿಬಿ ಮನೆಗಳಿಗೆ ಕನಿಷ್ಠ ಅವಧಿ 6 ತಿಂಗಳು. ‘ಎರಡು ವಾರಕ್ಕೆ ಕಾಂಡೊ’ (ಖಾಸಗಿ ಅಪಾರ್ಟ್‌ಮೆಂಟ್) ಎಂಬ ಜಾಹೀರಾತು ಎಷ್ಟೇ ಅಗ್ಗವಾಗಿ ಕಂಡರೂ ಅದು ನಿಯಮಬಾಹಿರ. ಪರಿಶೀಲನೆಗೆ ಅಧಿಕಾರಿಗಳು ಬಂದ ದಿನ ಮನೆಯೊಳಗೆ ಇರುವವರು ನೀವು.

ಎಚ್‌ಡಿಬಿಯೋ ಕಾಂಡೊವೋ

ಸಿಂಗಾಪುರದ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 80 ಮಂದಿ ವಾಸಿಸುವುದು ವಸತಿ ಮತ್ತು ಅಭಿವೃದ್ಧಿ ಮಂಡಳಿ, ಅಂದರೆ ಎಚ್‌ಡಿಬಿ, ಕಟ್ಟಿಸಿದ ಮನೆಗಳಲ್ಲಿ. 1960ರಲ್ಲಿ ಆರಂಭವಾದ ಈ ಮಂಡಳಿಯ ಮನೆಗಳೆಂದರೆ ನಮ್ಮಲ್ಲಿಯ ಸರ್ಕಾರಿ ಕ್ವಾರ್ಟರ್ಸ್ ಇರಬಹುದೆಂದು ಭಾವಿಸುವವರಿದ್ದಾರೆ. ಹಾಗಲ್ಲ. ಗಾಳಿ ಬೆಳಕು ಚೆನ್ನಾಗಿರುತ್ತದೆ, ಕೆಳಗಿಳಿದರೆ ಊಟತಿಂಡಿಯ ಮಳಿಗೆಗಳಿರುವ ಹಾಕರ್ ಸೆಂಟರ್, ಬಸ್ ನಿಲ್ದಾಣ, ಕ್ಲಿನಿಕ್, ಆಟದ ಬಯಲು ಎಲ್ಲ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಕಾಂಡೊ ಎಂದರೆ ಖಾಸಗಿ ಅಪಾರ್ಟ್‌ಮೆಂಟ್: ಈಜುಕೊಳ, ವ್ಯಾಯಾಮಶಾಲೆ, ಕಾವಲು ಇರುತ್ತದೆ, ಅಷ್ಟೇ ಬಾಡಿಗೆಗೆ ಸಿಗುವ ಜಾಗ ಕಡಿಮೆ. ಮಕ್ಕಳಿರುವ, ದಿನವೂ ಅಡುಗೆ ಮಾಡುವ ಕುಟುಂಬಕ್ಕೆ ನಾನು ಹೆಚ್ಚಾಗಿ ಎಚ್‌ಡಿಬಿಯನ್ನೇ ಹೇಳುತ್ತೇನೆ. ಅಡುಗೆಮನೆ ದೊಡ್ಡದು, ಬಟ್ಟೆ ಒಣಗಿಸಲು ಜಾಗ ಉಂಟು, ಉಳಿಯುವ ಹಣವೂ ಕಡಿಮೆಯಲ್ಲ.

ಕೋಣೆಗಳ ಲೆಕ್ಕದಲ್ಲಿ ಎಚ್ಚರ ಬೇಕು. ಎಚ್‌ಡಿಬಿಯ ‘3 ರೂಮ್’ ಮನೆಯಲ್ಲಿ ಹಾಲ್ ಕೂಡ ಒಂದು ರೂಮ್ ಎಂದೇ ಎಣಿಕೆ. ನಮ್ಮ ಲೆಕ್ಕದಲ್ಲಿ ಅದು ಎರಡು ಬೆಡ್‌ರೂಮಿನ ಮನೆ, ‘4 ರೂಮ್’ ಎಂದರೆ ಮೂರು ಬೆಡ್‌ರೂಮ್. ಕಾಂಡೊಗಳಲ್ಲಿ ಮಾತ್ರ ಬೆಡ್‌ರೂಮಿನ ಸಂಖ್ಯೆಯನ್ನೇ ಹೇಳುತ್ತಾರೆ. ಜಾಹೀರಾತು ಹೋಲಿಸುವಾಗ ಇದು ಮರೆತರೆ ಎಚ್‌ಡಿಬಿ ದುಬಾರಿಯೆಂದೋ ಕಾಂಡೊ ಅಗ್ಗವೆಂದೋ ತಪ್ಪು ಕಲ್ಪನೆ ಬರುತ್ತದೆ.

ಎಚ್‌ಡಿಬಿ ಮನೆ ಬಾಡಿಗೆಗೆ ಪಡೆಯಲು ನಿಯಮಗಳು ಹೆಚ್ಚು. ಇಲ್ಲಿ ಕೆಲಸ ಮಾಡಲು, ಕುಟುಂಬದೊಡನೆ ಇರಲು ಸರ್ಕಾರ ಕೊಡುವ ಪರವಾನಗಿಗೆ ಪಾಸ್ ಎನ್ನುತ್ತಾರೆ. ಎಂಪ್ಲಾಯ್‌ಮೆಂಟ್ ಪಾಸ್, ಎಸ್ ಪಾಸ್, ಡಿಪೆಂಡೆಂಟ್ಸ್ ಪಾಸ್ ಮೊದಲಾದವು ನಡೆಯುತ್ತವೆ. ಪಾಸ್‌ನಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಮಲೇಷ್ಯಾದವರಲ್ಲದ ವಿದೇಶಿಯರಿಗೆ ಇಡೀ ಮನೆ ಕೊಡುವುದಕ್ಕೆ ಮಿತಿಯಿದೆ: ಒಂದು ನೆರೆಹೊರೆಯಲ್ಲಿ ಶೇ. 8, ಒಂದು ಬ್ಲಾಕ್‌ನಲ್ಲಿ ಶೇ. 11. ಆ ಮಿತಿ ತುಂಬಿದ್ದರೆ ಮಾಲೀಕರು ಒಪ್ಪಿದರೂ ಮಂಡಳಿ ಒಪ್ಪುವುದಿಲ್ಲ. ಹಾಗಾಗಿ ಮನೆ ನೋಡಲು ಹೊರಡುವ ಮೊದಲೇ ‘ಕೋಟಾ ಇದೆಯೇ?’ ಎಂದು ಏಜೆಂಟರನ್ನು ಕೇಳಿ. ನಮ್ಮಂಥವರಿಗೆ ಒಂದು ಅನುಮತಿಯಲ್ಲಿ ಹೆಚ್ಚೆಂದರೆ 2 ವರ್ಷ ಸಿಗುತ್ತದೆ, ಆಮೇಲೆ ನವೀಕರಣ.

ಇಲ್ಲೊಂದು ಮೋಸದ ದಾರಿಯಿದೆ, ಅದನ್ನು ಬಿಡಿಸಿ ಹೇಳಲೇಬೇಕು. ಎಚ್‌ಡಿಬಿಯ ಮಾಲೀಕರು ಕನಿಷ್ಠ ಮೊದಲ 5 ವರ್ಷ ತಾವೇ ವಾಸವಿರಬೇಕು, ಆಮೇಲಷ್ಟೇ ಇಡೀ ಮನೆ ಬಾಡಿಗೆಗೆ ಕೊಡಬಹುದು. ಹಾಗೆ ಕೊಡುವ ಹಕ್ಕೂ ಸಿಂಗಾಪುರದ ಪ್ರಜೆಗಳಾದ ಮಾಲೀಕರಿಗೆ ಮಾತ್ರ. ಖಾಯಂ ನಿವಾಸಿಗಳಿಗೆ ಆ ಅವಕಾಶವಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಕೆಲವರು ಒಂದು ಕೋಣೆಗೆ ಬೀಗ ಜಡಿದು, ‘ನಾನೂ ಇಲ್ಲೇ ಇದ್ದೇನೆ, ಉಳಿದ ಕೋಣೆಗಳನ್ನಷ್ಟೇ ಕೊಟ್ಟಿದ್ದೇನೆ’ ಎಂದು ಕಾಗದ ಮಾಡುತ್ತಾರೆ. ಬಾಡಿಗೆ ಸ್ವಲ್ಪ ಕಡಿಮೆ ಇರುತ್ತದೆ. ಆದರೆ ಮಂಡಳಿಯ ತಪಾಸಣೆಯಾದರೆ ಮನೆಯನ್ನೇ ವಶಪಡಿಸಿಕೊಳ್ಳುವ ಅಧಿಕಾರ ಅದಕ್ಕಿದೆ, ನಿಮ್ಮ ಸಂಸಾರ ಬೀದಿಗೆ ಬೀಳುತ್ತದೆ. ಬೀಗ ಹಾಕಿದ ಕೋಣೆ ಕಂಡರೆ ಮುಂದಿನ ಮನೆಗೆ ನಡೆಯಿರಿ. ಮಂಡಳಿಯ ಅನುಮತಿ ಪತ್ರದಲ್ಲಿ ಮನೆಯಲ್ಲಿರುವ ಎಲ್ಲರ ಹೆಸರೂ ಇರಬೇಕು, ಅದರ ಪ್ರತಿ ನಿಮ್ಮ ಕೈಯಲ್ಲಿರಬೇಕು.

ಸ್ನೇಹಿತರು ಸೇರಿ ಮನೆ ಹಿಡಿಯುವುದಾದರೆ ಸಂಖ್ಯೆಗೂ ಮಿತಿಯಿದೆ. ಸಂಬಂಧಿಕರಲ್ಲದವರು ಒಂದು ಮನೆಯಲ್ಲಿ 6 ಮಂದಿ. 2024ರ ಜನವರಿ 22ರಿಂದ 4 ರೂಮ್ ಅಥವಾ ಅದಕ್ಕಿಂತ ದೊಡ್ಡ ಎಚ್‌ಡಿಬಿ ಮನೆಗಳಲ್ಲಿ, 90 ಚದರ ಮೀಟರ್‌ಗೆ ಕಡಿಮೆಯಿಲ್ಲದ ಖಾಸಗಿ ಮನೆಗಳಲ್ಲಿ ಇದನ್ನು ತಾತ್ಕಾಲಿಕವಾಗಿ 8ಕ್ಕೆ ಏರಿಸಿದ್ದಾರೆ.

ಯಾವ ಬಡಾವಣೆ?

ಊರು ಚಿಕ್ಕದು, ರೈಲು ಎಲ್ಲ ಕಡೆಗೂ ಹೋಗುತ್ತದೆ. ಹಾಗೆಂದು ಎಲ್ಲಾದರೂ ಇರಬಹುದು ಎಂದುಕೊಂಡರೆ ದಿನಕ್ಕೆ ಎರಡು ಗಂಟೆ ಪ್ರಯಾಣಕ್ಕೇ ಹೋದೀತು. ಮಕ್ಕಳಿದ್ದರೆ ಮೊದಲು ಶಾಲೆ ಗೊತ್ತಾಗಲಿ, ಆಮೇಲೆ ಮನೆ. ಬೆಂಗಳೂರಿನ ನ್ಯಾಷನಲ್ ಪಬ್ಲಿಕ್ ಸ್ಕೂಲ್ ಸಮೂಹದ ಎನ್‌ಪಿಎಸ್ ಇಂಟರ್‌ನ್ಯಾಷನಲ್ ಇರುವುದು ಪೂರ್ವ ಭಾಗದ ಚಾಯ್ ಚೀಯಲ್ಲಿ. ಅಲ್ಲಿಗೆ ಬೆಡೋಕ್, ತಾನಾ ಮೆರಾ, ಸಿಮೆಯ್, ಟ್ಯಾಂಪನೀಸ್ ಹತ್ತಿರ. ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಬ್ಯಾಂಕ್, ಐಟಿ ಕೆಲಸ ಮಾಡುವವರಿಗೂ ಇದೇ ಪಟ್ಟಿ ಅನುಕೂಲ. ಆದ್ದರಿಂದಲೇ ಈ ಭಾಗದಲ್ಲಿ ಭಾರತೀಯರ ಸಂಖ್ಯೆ ಹೆಚ್ಚು. ಗ್ಲೋಬಲ್ ಇಂಡಿಯನ್ ಶಾಲೆಯ ದೊಡ್ಡ ಕ್ಯಾಂಪಸ್ ಈಶಾನ್ಯದ ಪುಂಗೋಲ್‌ನಲ್ಲಿದೆ, ಯುವಭಾರತಿ ಪಶ್ಚಿಮದ ಜುರಾಂಗ್ ಕಡೆ.

ಒಬ್ಬರೇ ಇರುವವರಿಗೆ, ಮಕ್ಕಳಿಲ್ಲದ ದಂಪತಿಗೆ ಫ್ಯಾರರ್ ಪಾರ್ಕ್, ಲಿಟಲ್ ಇಂಡಿಯಾ ಸುತ್ತಮುತ್ತ ಬಲು ಅನುಕೂಲ. ಟೆಕ್ಕಾ ಮಾರುಕಟ್ಟೆಯಲ್ಲಿ ಕರಿಬೇವು, ನುಗ್ಗೆಕಾಯಿ ಸಿಗುತ್ತವೆ, ಮುಸ್ತಫಾ ಎಂಬ ದೊಡ್ಡ ಅಂಗಡಿಯಲ್ಲಿ ರಾಗಿ ಹಿಟ್ಟೂ ಇದೆ. ಭಾನುವಾರ ಸಂಜೆ ಮಾತ್ರ ಆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಾಂತಿ ಬೇಕೆನ್ನುವವರು ಒಂದು ಭಾನುವಾರ ಅಲ್ಲಿ ಓಡಾಡಿ ನೋಡಿಯೇ ತೀರ್ಮಾನಿಸಲಿ.

ಕೈಯಲ್ಲಿ ಎಷ್ಟು ಹಣ ಬೇಕು

ರೂಢಿ ಹೀಗಿದೆ: ಒಂದು ವರ್ಷದ ಕರಾರಿಗೆ ಒಂದು ತಿಂಗಳ ಬಾಡಿಗೆ ಠೇವಣಿ, ಎರಡು ವರ್ಷಕ್ಕೆ ಎರಡು ತಿಂಗಳದ್ದು. ಬಾಡಿಗೆಯನ್ನು ತಿಂಗಳ ಆರಂಭದಲ್ಲೇ ಮುಂಗಡವಾಗಿ ಕೊಡಬೇಕು. ಜೊತೆಗೆ ಮುದ್ರಾಂಕ ಶುಲ್ಕ. 4 ವರ್ಷದೊಳಗಿನ ಕರಾರಿಗೆ ಒಟ್ಟು ಬಾಡಿಗೆಯ ಶೇ. 0.4, ಅದನ್ನು ಕೊಡುವವರು ಬಾಡಿಗೆದಾರರು.

ಲೆಕ್ಕಕ್ಕೆಂದು ತಿಂಗಳಿಗೆ 3,600 ಸಿಂಗಾಪುರ ಡಾಲರ್ ಬಾಡಿಗೆ, ಎರಡು ವರ್ಷದ ಕರಾರು ಎಂದಿಟ್ಟುಕೊಳ್ಳಿ. ಠೇವಣಿ 7,200, ಮೊದಲ ತಿಂಗಳ ಬಾಡಿಗೆ 3,600, ಮುದ್ರಾಂಕ ಶುಲ್ಕ ಸುಮಾರು 345. ಕೀಲಿ ಕೈಗೆ ಬರುವಷ್ಟರಲ್ಲಿ 11,145 ಡಾಲರ್ ಹೋಗಿರುತ್ತದೆ. ವಿದ್ಯುತ್ ಸಂಪರ್ಕದ ಠೇವಣಿ, ಬೇಕಾದರೆ ನಿಮ್ಮ ಏಜೆಂಟರ ಕಮಿಷನ್, ಹಾಸಿಗೆ ಪಾತ್ರೆ ಪದಾರ್ಥ ಬೇರೆ. ಮೊದಲ ಸಂಬಳ ಬರುವ ಮುನ್ನವೇ ಇಷ್ಟೂ ಬೇಕು. ಊರಿನಿಂದ ಹಣ ತರಿಸುವುದು ನಾಲ್ಕಾರು ದಿನದ ಕೆಲಸ, ಹಾಗಾಗಿ ಹೊರಡುವ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಕೆಲವು ಕಂಪನಿಗಳು ಕೇಳಿದರೆ ಠೇವಣಿಯಷ್ಟು ಹಣವನ್ನು ಸಾಲವಾಗಿ ಕೊಡುತ್ತವೆ. ಕೇಳುವುದರಲ್ಲಿ ಸಂಕೋಚ ಬೇಡ.

ಬಾಡಿಗೆ ನ್ಯಾಯವಾದದ್ದೇ ಎಂದು ತಿಳಿಯಲು ಏಜೆಂಟರ ಮಾತು ಸಾಲದು. ನಗರ ಪುನರಭಿವೃದ್ಧಿ ಪ್ರಾಧಿಕಾರ, ಅಂದರೆ ಯುಆರ್‌ಎ, ಪ್ರತಿ ಕಾಂಡೊದಲ್ಲಿ ಈಚೆಗೆ ನಡೆದ ಬಾಡಿಗೆ ಕರಾರುಗಳ ಮೊತ್ತವನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಎಚ್‌ಡಿಬಿಯೂ ಬಡಾವಣೆವಾರು ಅಂಕಿಅಂಶ ಕೊಡುತ್ತದೆ. 2022ರಲ್ಲಿ ಖಾಸಗಿ ಮನೆಗಳ ಬಾಡಿಗೆ ಒಂದೇ ವರ್ಷದಲ್ಲಿ ಶೇ. 29.7 ಏರಿದ ಊರು ಇದು, ಹಳಬರು ಹೇಳುವ ‘ನಾನು ಬಂದಾಗ ಇಷ್ಟಿತ್ತು’ ಎಂಬ ಲೆಕ್ಕ ಉಪಯೋಗಕ್ಕೆ ಬಾರದು. ಅದೇ ಕಟ್ಟಡದ ಇತ್ತೀಚಿನ ನಾಲ್ಕೈದು ಕರಾರುಗಳ ಮೊತ್ತ ಗುರುತು ಹಾಕಿಕೊಂಡು ಹೋದರೆ ಚೌಕಾಶಿಗೆ ಬಲ ಬರುತ್ತದೆ.

ಏಜೆಂಟರು, ಜಾಹೀರಾತು, ಮೋಸ

ಪ್ರಾಪರ್ಟಿಗುರು, 99.ಕೋ ಮುಂತಾದ ಜಾಲತಾಣಗಳಲ್ಲಿ ಹೆಚ್ಚಿನ ಜಾಹೀರಾತುಗಳಿರುತ್ತವೆ. ಏಜೆಂಟರೆಲ್ಲರೂ ಸಿಇಎ ಎಂಬ ಸರ್ಕಾರಿ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನೋ ಫೋನ್ ಸಂಖ್ಯೆಯನ್ನೋ ಸಿಇಎ ಜಾಲತಾಣದಲ್ಲಿ ಹಾಕಿದರೆ ಏಜೆಂಟರ ಫೋಟೋ ಸಮೇತ ವಿವರ ಬರುತ್ತದೆ. ನಿಮ್ಮೊಡನೆ ಮಾತಾಡುತ್ತಿರುವ ಸಂಖ್ಯೆಯೇ ಅಲ್ಲಿದೆಯೇ ಎಂದು ನೋಡಿ. ಬೇರೆಯವರ ಹೆಸರು, ಕಾರ್ಡ್ ಕದ್ದು ಜಾಹೀರಾತು ಹಾಕುವವರಿದ್ದಾರೆ: ‘ಬೇಡಿಕೆ ತುಂಬಾ ಇದೆ, ಮನೆ ನೋಡುವ ಮೊದಲೇ ಮುಂಗಡ ಕಳಿಸಿ’ ಎನ್ನುತ್ತಾರೆ. ಮನೆ ಕಣ್ಣಾರೆ ನೋಡದೆ ಒಂದು ಡಾಲರ್ ಕೂಡ ಕಳಿಸಬಾರದು. ಅನುಮಾನ ಬಂದರೆ 1799ಕ್ಕೆ ಕರೆ ಮಾಡಿ. ಮೋಸದ ಕರೆಗಳ ಬಗ್ಗೆ ಸಲಹೆ ಕೊಡಲೆಂದೇ ಇರುವ ಸಂಖ್ಯೆ ಅದು.

ಇನ್ನೆರಡು ನಿಯಮ ನಿಮ್ಮ ಪರವಾಗಿವೆ. ಒಂದೇ ವ್ಯವಹಾರದಲ್ಲಿ ಒಬ್ಬ ಏಜೆಂಟ್ ಮಾಲೀಕರಿಗೂ ಬಾಡಿಗೆದಾರರಿಗೂ ಕೆಲಸ ಮಾಡುವಂತಿಲ್ಲ, ಇಬ್ಬರಿಂದಲೂ ಕಮಿಷನ್ ಪಡೆಯುವಂತಿಲ್ಲ. ಎಚ್‌ಡಿಬಿ ಬಾಡಿಗೆಯ ಹಣವನ್ನು ಏಜೆಂಟರು ತಮ್ಮ ಕೈಯಲ್ಲಿ ಪಡೆಯುವಂತಿಲ್ಲ. ಅದು ನೇರ ಮಾಲೀಕರ ಖಾತೆಗೇ ಹೋಗಬೇಕು. ಖಾಸಗಿ ಮನೆಯ ವಿಷಯದಲ್ಲೂ ಇದೇ ಪದ್ಧತಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಮಾಲೀಕರು ನಿಜವಾದ ಮಾಲೀಕರೇ ಎಂದು ತಿಳಿಯಲು ಸಿಂಗಾಪುರ ಭೂ ಪ್ರಾಧಿಕಾರದ ಜಾಲತಾಣದಲ್ಲಿ ಸಣ್ಣ ಶುಲ್ಕ ಕೊಟ್ಟರೆ ದಾಖಲೆ ಸಿಗುತ್ತದೆ.

ಈಗ ಮನಸ್ಸಿಗೆ ಕಹಿಯಾಗುವ ಮಾತು. ‘ಭಾರತೀಯರಿಗೆ ಕೊಡುವುದಿಲ್ಲ’ ಎಂಬ ಉತ್ತರ ಇಂದಿಗೂ ಕೇಳಬೇಕಾಗುತ್ತದೆ. ಜನಾಂಗದ ಆಧಾರದಲ್ಲಿ ಬೇಡವೆನ್ನುವ ಜಾಹೀರಾತನ್ನು ಏಜೆಂಟರು ಹಾಕಬಾರದೆಂದು ಸಿಇಎ ಹೇಳಿದೆ, ಆದ್ದರಿಂದ ಜಾಹೀರಾತಿನಲ್ಲಿ ಕಾಣದ ಮಾತು ಫೋನಿನಲ್ಲಿ ಬರುತ್ತದೆ. ಮನೆ ನೋಡುವ ಸಮಯ ಗೊತ್ತಾದ ಮೇಲೆ ಹೆಸರು ಕೇಳಿ ‘ಕ್ಷಮಿಸಿ, ಬೇರೆಯವರಿಗೆ ಹೋಯಿತು’ ಎನ್ನುವುದೂ ಇದೆ. ಇದು ಅನ್ಯಾಯವೇ, ನೋವಾಗುವುದೂ ಸಹಜ. ನಿಮ್ಮಲ್ಲಿ ಏನೋ ಕೊರತೆಯಿದೆ ಎಂದು ಮಾತ್ರ ಅಂದುಕೊಳ್ಳಬೇಡಿ. ಮೊದಲ ಸಂದೇಶದಲ್ಲೇ ಕುಟುಂಬದಲ್ಲಿ ಎಷ್ಟು ಜನ, ಯಾವ ಪಾಸ್, ಎಲ್ಲಿ ಕೆಲಸ, ಎಂದಿನಿಂದ ಮನೆ ಬೇಕು ಎಂದು ಬರೆದು ಕಳಿಸಿದರೆ ಬೇಡವೆನ್ನುವವರು ಆಗಲೇ ಬೇಡವೆನ್ನುತ್ತಾರೆ, ಬಿಸಿಲಿನಲ್ಲಿ ತಿರುಗುವುದು ತಪ್ಪುತ್ತದೆ. ಭಾರತೀಯ ಬಾಡಿಗೆದಾರರನ್ನು ಸಂತೋಷದಿಂದ ಇಟ್ಟುಕೊಳ್ಳುವ ಮಾಲೀಕರು ಸಾಕಷ್ಟಿದ್ದಾರೆ. ಖಾಲಿ ಮಾಡಿ ಹೊರಡುವವರು ತಮ್ಮ ಮಾಲೀಕರಿಗೆ ನಿಮ್ಮನ್ನು ಪರಿಚಯಿಸಿ ಕೊಡಿಸುವ ಮನೆಗಳು ಇನ್ನೂ ಒಳ್ಳೆಯವು. ಸಿಂಗಾಪುರದ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಮನೆ ಹುಡುಕುತ್ತಿದ್ದೇವೆಂದು ನಾಲ್ಕು ಜನರ ಕಿವಿಗೆ ಹಾಕಿ.

ಮನೆ ನೋಡಲು ಹೋದಾಗ

ಮಧ್ಯಾಹ್ನ ಮೂರು ಗಂಟೆಯ ನಂತರ ಹೋಗಿ. ಪಶ್ಚಿಮಕ್ಕೆ ಮುಖ ಮಾಡಿದ ಹಾಲ್ ಆ ಹೊತ್ತಿಗೆ ಎಷ್ಟು ಕಾಯುತ್ತದೆ ಎಂಬುದು ಮೈಗೇ ಗೊತ್ತಾಗುತ್ತದೆ. ಸಮಭಾಜಕದ ಸಮೀಪದ ಊರಿನಲ್ಲಿ ಉತ್ತರ ದಕ್ಷಿಣಕ್ಕೆ ತೆರೆದ ಮನೆಗೆ ಬೇಡಿಕೆ ಸುಮ್ಮನೆ ಬಂದದ್ದಲ್ಲ. ಎಸಿ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಎಲ್ಲ ಎಸಿಗಳನ್ನೂ ಹಾಕಿಸಿ ಹತ್ತು ನಿಮಿಷ ಬಿಡಿ. ನೀರು ತೊಟ್ಟಿಕ್ಕುತ್ತದೆಯೇ ನೋಡಿ. ಎಲ್ಲ ನಲ್ಲಿ ತಿರುಗಿಸಿ, ಫ್ಲಶ್ ಮಾಡಿ, ಗೀಸರ್ ಹಾಕಿ. ಬೀರುಗಳ ಒಳಗೆ ಮೂಗಿಟ್ಟು ನೋಡಿ. ಈ ಊರಿನ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಕಿಟಕಿ ತೆರೆದು ರಸ್ತೆಯ, ರೈಲಿನ ಸದ್ದು ಕೇಳಿ. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಅದು ಎಂದು ಮುಗಿಯುತ್ತದೆಂದು ವಿಚಾರಿಸಿ. ಮೊಬೈಲ್ ಸಿಗ್ನಲ್ ಕೋಣೆಯೊಳಗೂ ಬರುತ್ತದೆಯೇ ನೋಡಿ. ದಪ್ಪ ಕಬ್ಬಿಣದ ಬಾಗಿಲಿನ ಪುಟ್ಟ ಕೋಣೆಯೊಂದು ಕಂಡರೆ ಗಾಬರಿ ಬೇಡ, ಅದು ಯುದ್ಧಕಾಲದ ಆಶ್ರಯಕ್ಕೆಂದು ಕಟ್ಟಿದ್ದು. ಎಲ್ಲರೂ ಅದನ್ನು ಉಗ್ರಾಣವಾಗಿ ಬಳಸುತ್ತಾರೆ. ಅದರ ಗೋಡೆಗೆ ಮಾತ್ರ ಮೊಳೆ ಹೊಡೆಯುವಂತಿಲ್ಲ.

ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ಅದಕ್ಕೆ ಬಾಗಿಲಿದೆಯೇ? ಕಿಟಕಿಯಿದೆಯೇ? ಹೊಗೆ ಎಳೆಯುವ ಯಂತ್ರ ಕೆಲಸ ಮಾಡುತ್ತದೆಯೇ? ಹೊಸ ಕಾಂಡೊಗಳಲ್ಲಿ ಅಡುಗೆಮನೆ ಹಾಲಿಗೇ ತೆರೆದುಕೊಂಡಿರುತ್ತದೆ, ಒಗ್ಗರಣೆಯ ಘಾಟು ಸೋಫಾ, ಪರದೆಗಳಲ್ಲೆಲ್ಲ ಕೂರುತ್ತದೆ, ಮನೆ ಬಿಡುವಾಗ ಅದರ ಲೆಕ್ಕ ನಿಮ್ಮ ಠೇವಣಿಗೇ ಬರುತ್ತದೆ. ಜಾಹೀರಾತಿನಲ್ಲಿ ‘ಲೈಟ್ ಕುಕಿಂಗ್’ ಎಂದಿದ್ದರೆ ಹಾಗೆಂದರೇನು ಎಂದು ನೇರವಾಗಿ ಕೇಳಿ. ಕೆಲವರಿಗೆ ಅದು ನೂಡಲ್ಸ್ ಕುದಿಸುವುದು, ಇನ್ನು ಕೆಲವರಿಗೆ ಕರಿಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ. ‘ನಾವು ದಿನಕ್ಕೆ ಎರಡು ಹೊತ್ತು ಅನ್ನ ಸಾರು ಪಲ್ಯ ಮಾಡುತ್ತೇವೆ’ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಒಪ್ಪಿದರೆ ಕಾಗದದಲ್ಲಿ ಬರಲಿ, ಒಪ್ಪದಿದ್ದರೆ ಆ ಮನೆ ನಿಮ್ಮದಲ್ಲ. ಒಗ್ಗರಣೆ ಹಾಕಲು ಹೆದರಿಕೊಂಡು ಎರಡು ವರ್ಷ ಬದುಕುವುದಕ್ಕೆ ಅಷ್ಟು ಬಾಡಿಗೆ ಕೊಡಬೇಕಾಗಿಲ್ಲ.

ಒಂದೇ ಕೋಣೆ ಬಾಡಿಗೆಗೆ ಪಡೆಯುವವರು ಇನ್ನೂ ವಿವರವಾಗಿ ಕೇಳಬೇಕು. ಎಸಿ ಯಾವ ಹೊತ್ತಿನಲ್ಲಿ, ಬಟ್ಟೆ ಯಂತ್ರ ವಾರಕ್ಕೆ ಎಷ್ಟು ಬಾರಿ, ಊರಿನಿಂದ ತಂದೆ ತಾಯಿ ಬಂದರೆ ಉಳಿಯಬಹುದೇ, ವಿದ್ಯುತ್ ನೀರು ಬಾಡಿಗೆಯಲ್ಲಿ ಸೇರಿದೆಯೇ. ಈ ನಿಯಮಗಳು ಮನೆಯಿಂದ ಮನೆಗೆ ಬೇರೆ.

ಲೆಟರ್ ಆಫ್ ಇಂಟೆಂಟ್: ಚೌಕಾಶಿಯ ಜಾಗ

ಮನೆ ಒಪ್ಪಿಗೆಯಾಯಿತು ಎಂದಿಟ್ಟುಕೊಳ್ಳಿ. ಆಗ ಏಜೆಂಟರು ಒಂದೆರಡು ಪುಟದ ಲೆಟರ್ ಆಫ್ ಇಂಟೆಂಟ್, ಅಂದರೆ ಮನೆ ಹಿಡಿಯುವ ಇಂಗಿತದ ಪತ್ರ, ಕಳಿಸಿ, ಒಂದು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಾರೆ. ‘ಇದು ಬರೀ ಔಪಚಾರಿಕ, ವಿವರಗಳು ಕರಾರಿನಲ್ಲಿ ಬರುತ್ತವೆ’ ಎನ್ನುತ್ತಾರೆ. ಆ ಮಾತನ್ನು ನಂಬಬೇಡಿ. ಮಾಲೀಕರು ಈ ಪತ್ರಕ್ಕೆ ಸಹಿ ಹಾಕಿದ ಮೇಲೆ ನೀವು ಹಿಂದೆ ಸರಿದರೆ ಮುಂಗಡ ಹೋಗುತ್ತದೆ. ಕರಾರಿನಲ್ಲಿ ಹೊಸ ಬೇಡಿಕೆ ಇಟ್ಟರೆ ‘ಪತ್ರದಲ್ಲಿ ಇರಲಿಲ್ಲವಲ್ಲ’ ಎಂಬ ಉತ್ತರ ಬರುತ್ತದೆ. ಮಾಲೀಕರಿಗೆ ನೀವು ಬೇಕು, ನಿಮಗೆ ಇನ್ನೂ ಬೇರೆ ಮನೆಗಳ ಆಯ್ಕೆಯಿದೆ: ಇವೆರಡೂ ಕೂಡಿಬರುವುದು ಈ ಪತ್ರ ಕೊಡುವ ಮುನ್ನ ಮಾತ್ರ. ಕೇಳಬೇಕಾದವು ಇವು.

ಪಾಸ್ ಇನ್ನೂ ಕೈಗೆ ಬಂದಿರದೆ ತಾತ್ವಿಕ ಒಪ್ಪಿಗೆ ಪತ್ರವಷ್ಟೇ ಇದ್ದರೆ, ‘ಪಾಸ್ ಮಂಜೂರಾಗದಿದ್ದಲ್ಲಿ ಮುಂಗಡ ಪೂರ್ತಿ ವಾಪಸ್’ ಎಂದು ಬರೆಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಡಿಪ್ಲೊಮ್ಯಾಟಿಕ್ ಕ್ಲಾಝ್. ಹೆಸರು ರಾಯಭಾರಿಗಳದ್ದಾದರೂ ಇದು ಕೆಲಸದ ಮೇಲೆ ಬಂದ ಎಲ್ಲ ವಿದೇಶಿಯರಿಗೂ ಬೇಕಾದ ರಕ್ಷಣೆ. ಕೆಲಸ ಹೋದರೆ, ಬೇರೆ ದೇಶಕ್ಕೆ ವರ್ಗವಾದರೆ, ಪಾಸ್ ನವೀಕರಣವಾಗದಿದ್ದರೆ ಕರಾರನ್ನು ನಡುವೆಯೇ ಮುಗಿಸಬಹುದು ಎಂಬ ಷರತ್ತು ಅದು. ಎರಡು ವರ್ಷದ ಕರಾರಿನಲ್ಲಿ ಸಾಮಾನ್ಯವಾಗಿ 12 ತಿಂಗಳು ಕಳೆದ ಮೇಲೆ, 2 ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು ಎಂದಿರುತ್ತದೆ. ಅಂದರೆ 14 ತಿಂಗಳ ಬಾಡಿಗೆಯಂತೂ ಕೊಡಲೇಬೇಕು. ಕೆಲಸ ಕಳೆದುಕೊಂಡವರಿಗೆ ಪಾಸ್ ರದ್ದಾದ ಮೇಲೆ ಇಲ್ಲಿ ಉಳಿಯಲು ಸಾಮಾನ್ಯವಾಗಿ ಸಿಗುವುದು 30 ದಿನ. ನೋಟಿಸ್ 2 ತಿಂಗಳಿದ್ದರೆ ನೀವು ಊರಿಗೆ ಮರಳಿದ ಮೇಲೂ ಬಾಡಿಗೆ ಓಡುತ್ತಿರುತ್ತದೆ. ಆದ್ದರಿಂದ ನೋಟಿಸ್ ಅವಧಿಯನ್ನು 1 ತಿಂಗಳಿಗೆ ಇಳಿಸಲು ಕೇಳಿ. ಎಲ್ಲರೂ ಒಪ್ಪುವುದಿಲ್ಲ, ಕೇಳಿದವರಿಗೆ ಮಾತ್ರ ಸಿಗುತ್ತದೆ. ಒಂದು ವರ್ಷದ ಕರಾರಿನಲ್ಲಿ ಈ ಷರತ್ತನ್ನು ಹೆಚ್ಚಿನ ಮಾಲೀಕರು ಕೊಡುವುದೇ ಇಲ್ಲ. ಕೆಲಸದ ಭದ್ರತೆ ಬಗ್ಗೆ ಸಂದೇಹವಿರುವವರು ಇದನ್ನು ಯೋಚಿಸಿಯೇ ಒಂದು ವರ್ಷವೋ ಎರಡೋ ಎಂದು ನಿರ್ಧರಿಸಬೇಕು.

ಇದರ ಬೆನ್ನಿಗೇ ಮರುಪಾವತಿಯ ಷರತ್ತು ಬರುತ್ತದೆ. ಮಾಲೀಕರು ತಮ್ಮ ಏಜೆಂಟರಿಗೆ ಎರಡು ವರ್ಷದ ಲೆಕ್ಕದಲ್ಲಿ ಕಮಿಷನ್ ಕೊಟ್ಟಿರುತ್ತಾರೆ, ನೀವು ಬೇಗ ಹೊರಟರೆ ಉಳಿದ ತಿಂಗಳುಗಳ ಪಾಲನ್ನು ನಿಮ್ಮಿಂದ ಕೇಳುತ್ತಾರೆ. ಮೇಲಿನ ಲೆಕ್ಕದಲ್ಲೇ ನೋಡಿದರೆ, ಕಮಿಷನ್ 3,600 ಡಾಲರ್ ಆಗಿದ್ದು ನೀವು 14 ತಿಂಗಳಿಗೆ ಬಿಟ್ಟರೆ ಉಳಿದ 10 ತಿಂಗಳ ಪಾಲು 1,500 ಡಾಲರ್. ಇದನ್ನು ತೆಗೆಸುವುದು ಕಷ್ಟ, ಆದರೆ ಮೊತ್ತ ಎಷ್ಟೆಂದು ಮೊದಲೇ ತಿಳಿದಿರಬೇಕು.

ಸಣ್ಣ ರಿಪೇರಿಯ ಷರತ್ತಿನಲ್ಲಿ, ಪ್ರತಿ ರಿಪೇರಿಯ ಮೊದಲ ಇಂತಿಷ್ಟು ಡಾಲರ್ ಬಾಡಿಗೆದಾರರದ್ದು, ಅದಕ್ಕೆ ಮೇಲ್ಪಟ್ಟದ್ದು ಮಾಲೀಕರದ್ದು ಎಂದಿರುತ್ತದೆ. ಆ ಮೊತ್ತ ಕಡಿಮೆಯಾದಷ್ಟೂ ನಿಮಗೆ ಲಾಭ. ಎಸಿ, ಗೀಸರ್ ಹಳೆಯದಾಗಿದ್ದರೆ ಅವುಗಳ ರಿಪೇರಿ, ಬದಲಾವಣೆ ಪೂರ್ತಿ ಮಾಲೀಕರದ್ದೇ ಎಂದು ಪ್ರತ್ಯೇಕವಾಗಿ ಬರೆಸಿ. ಮೊದಲ 30 ದಿನಗಳಲ್ಲಿ ಕಂಡುಬಂದ ದೋಷಗಳೆಲ್ಲ ಮಾಲೀಕರ ಖರ್ಚಿನಲ್ಲಿ ಸರಿಯಾಗಬೇಕು ಎಂಬ ಸಾಲೂ ಇರಲಿ. ಬೇಕಾದ ಪೀಠೋಪಕರಣ, ತೆಗೆಯಬೇಕಾದ ಹಳೆಯ ಮಂಚ, ದೇವರ ಪಟಕ್ಕೆ ಗೋಡೆಗೆ ಮೊಳೆ ಹೊಡೆಯುವ ಅನುಮತಿ, ಅಡುಗೆಯ ವಿಷಯ ಎಲ್ಲವನ್ನೂ ಇದೇ ಪತ್ರದಲ್ಲಿ ಸೇರಿಸಿ. ವಾಟ್ಸ್ಆ್ಯಪ್‌ನಲ್ಲಿ ‘ಆಯಿತು’ ಎಂದದ್ದು ಕಾಗದಕ್ಕೆ ಬರದಿದ್ದರೆ ಆಮೇಲೆ ಅದನ್ನು ನೆನಪಿಸುವುದೇ ಒಂದು ಜಗಳವಾಗುತ್ತದೆ.

ಕರಾರು ಮತ್ತು ಮುದ್ರಾಂಕ

ಕರಾರಿನ ಕರಡು ಬಂದಾಗ ಪೂರ್ತಿ ಓದಿ, ಪತ್ರದಲ್ಲಿ ಒಪ್ಪಿದ ಪ್ರತಿಯೊಂದು ಅಂಶವೂ ಬಂದಿದೆಯೇ ಎಂದು ಸಾಲು ಸಾಲಾಗಿ ಹೋಲಿಸಿ. ಸಿಇಎ ತನ್ನ ಜಾಲತಾಣದಲ್ಲಿ ಮಾದರಿ ಕರಾರು ಒದಗಿಸಿದೆ, ಅದು ಎರಡೂ ಕಡೆಗೆ ಸಮತೂಕದ್ದು. ಅದನ್ನೇ ಬಳಸೋಣ ಎಂದು ನೀವೇ ಸೂಚಿಸಬಹುದು. ಠೇವಣಿ ಎಷ್ಟು ದಿನದಲ್ಲಿ ವಾಪಸ್ಸಾಗಬೇಕು ಎಂಬುದೂ, ‘ಸಹಜ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ’ ಎಂಬ ಸಾಲೂ ಇರಲೇಬೇಕು.

ಸಹಿ ಸಿಂಗಾಪುರದಲ್ಲೇ ಆದರೆ 14 ದಿನಗಳೊಳಗೆ, ಹೊರದೇಶದಲ್ಲಿ ಆದರೆ ಕಾಗದ ಇಲ್ಲಿಗೆ ಬಂದ 30 ದಿನಗಳೊಳಗೆ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ತಡವಾದರೆ ದಂಡ. ಏಜೆಂಟರು ಕಟ್ಟುತ್ತೇನೆಂದರೆ ಪ್ರಮಾಣಪತ್ರ ಕೇಳಿ ಪಡೆದುಕೊಳ್ಳಿ. ಮುದ್ರಾಂಕವಿಲ್ಲದ ಕರಾರನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಇಷ್ಟೆಲ್ಲ ಷರತ್ತು ಬರೆಸಿದ ಶ್ರಮ ಆ ಒಂದು ಕಾಗದದ ಮೇಲೆ ನಿಂತಿದೆ.

ಕೀಲಿ ಪಡೆಯುವ ದಿನ

ವಸ್ತುಗಳ ಪಟ್ಟಿ ಹಿಡಿದು ಕೋಣೆ ಕೋಣೆ ಸುತ್ತಿ. ನೆಲದ ಗೀರು, ಹಾಸಿಗೆಯ ಕಲೆ, ಗೋಡೆಯ ತೂತು, ಬಾತ್‌ರೂಮಿನ ಬಿರುಕು ಯಾವುದನ್ನೂ ಬಿಡದೆ ಫೋಟೋ ತೆಗೆದು ಅಂದೇ ಮಾಲೀಕರಿಗೂ ಏಜೆಂಟರಿಗೂ ಇಮೇಲ್ ಮಾಡಿ. ಇಮೇಲ್‌ನಲ್ಲಿ ತಾರೀಖು ತಾನಾಗಿ ದಾಖಲಾಗುತ್ತದೆ. ಕೀಲಿ, ಪ್ರವೇಶ ಕಾರ್ಡ್ ಎಷ್ಟೆಂದು ಬರೆದುಕೊಳ್ಳಿ. ಕಾಂಡೊ ಆದರೆ ಸಾಮಾನು ಸಾಗಿಸುವ ಮುನ್ನ ಅಲ್ಲಿಯ ಆಡಳಿತ ಕಚೇರಿಗೆ ತಿಳಿಸಬೇಕು.

ವಿದ್ಯುತ್, ನೀರು, ಅನಿಲದ ಖಾತೆಯನ್ನು ಎಸ್‌ಪಿ ಗ್ರೂಪ್‌ನಲ್ಲಿ ನಿಮ್ಮ ಹೆಸರಿಗೆ ತೆರೆಯಬೇಕು. ವೋಲ್ಟೇಜ್ ಭಾರತದಂತೆಯೇ 230, ಹಾಗಾಗಿ ಮಿಕ್ಸರ್, ಗ್ರೈಂಡರ್ ನಡೆಯುತ್ತವೆ. ಪ್ಲಗ್ ಮಾತ್ರ ಚಪ್ಪಟೆ ಕಡ್ಡಿಯ ಮೂರು ಪಿನ್ನಿನದು. ಗ್ರೈಂಡರಿನಂಥ ಭಾರಿ ಯಂತ್ರಕ್ಕೆ ಅಡಾಪ್ಟರ್ ನೆಚ್ಚಿಕೊಳ್ಳದೆ ಪ್ಲಗ್ಗನ್ನೇ ಬದಲಾಯಿಸಿ. ಹೊಸ ಮನೆಗಳಲ್ಲಿ ಹೊಗೆ ಗುರುತಿಸಿ ಕೂಗುವ ಅಲಾರಂ ಇರುತ್ತದೆ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಲು ತೊಂದರೆಯಿಲ್ಲ, ಸಾಂಬ್ರಾಣಿ ಹಾಕುವಾಗ ಕಿಟಕಿ ತೆಗೆದಿಡಿ. ಹೊಸ ವಿಳಾಸವನ್ನು ಕಾರ್ಮಿಕ ಸಚಿವಾಲಯಕ್ಕೆ ತಿಳಿಸುವಂತೆ ಕಂಪನಿಗೆ ಹೇಳುವುದನ್ನು ಮರೆಯಬೇಡಿ.

ಇರುವಾಗ, ಬಿಡುವಾಗ

ಬಹುತೇಕ ಎಲ್ಲ ಕರಾರುಗಳಲ್ಲೂ 3 ತಿಂಗಳಿಗೊಮ್ಮೆ ಎಸಿ ಸರ್ವಿಸ್ ಮಾಡಿಸಬೇಕೆಂದಿರುತ್ತದೆ. ಮಾಡಿಸಿ, ರಸೀದಿಗಳನ್ನು ಜೋಪಾನ ಮಾಡಿ. ಕೊನೆಯಲ್ಲಿ ಮಾಲೀಕರು ಮೊದಲು ಕೇಳುವುದೇ ಅದನ್ನು. ಹೂಕುಂಡದ ತಟ್ಟೆಯಲ್ಲಿ, ಬಕೆಟ್ಟಿನಲ್ಲಿ ನೀರು ನಿಲ್ಲಿಸಬೇಡಿ. ಡೆಂಗೆ ತಡೆಗೆ ಅಧಿಕಾರಿಗಳು ಮನೆಯೊಳಗೇ ಬಂದು ಸೊಳ್ಳೆ ಮರಿ ಹುಡುಕುತ್ತಾರೆ, ಸಿಕ್ಕರೆ ದಂಡ ಹಾಕುತ್ತಾರೆ. ಬಿಳಿ ಕಲ್ಲಿನ ಅಡುಗೆಕಟ್ಟೆಯಿದ್ದರೆ ಅರಿಶಿನದ ಕಲೆಯನ್ನು ಅಂದಂದೇ ಒರೆಸಿ.

ಮನೆ ಬಿಡುವ ಮುನ್ನ ಪರದೆಗಳ ಡ್ರೈಕ್ಲೀನ್, ವೃತ್ತಿಪರರಿಂದ ಸ್ವಚ್ಛತೆ, ಎಸಿಯ ಕೊನೆಯ ಸರ್ವಿಸ್ ಮಾಡಿಸಬೇಕೆಂದು ಕರಾರಿನಲ್ಲಿ ಇರುತ್ತದೆ. ಮೊದಲ ದಿನದ ಫೋಟೋಗಳನ್ನು ಮುಂದಿಟ್ಟುಕೊಂಡೇ ಮನೆ ಒಪ್ಪಿಸಿ. ‘ಕೊನೆಯ ತಿಂಗಳ ಬಾಡಿಗೆಯನ್ನು ಠೇವಣಿಯಲ್ಲಿ ಮುರಿದುಕೊಳ್ಳಿ’ ಎನ್ನಲು ಕರಾರು ಸಾಮಾನ್ಯವಾಗಿ ಬಿಡುವುದಿಲ್ಲ. ದೇಶವನ್ನೇ ಬಿಟ್ಟು ಹೊರಡುವವರು ಇನ್ನೊಂದನ್ನು ಗಮನಿಸಬೇಕು: ಕೆಲಸ ಬಿಡುವ ವಿದೇಶಿಯರ ಕೊನೆಯ ಸಂಬಳವನ್ನು ತೆರಿಗೆ ಲೆಕ್ಕ ತೀರುವ ತನಕ ಕಂಪನಿ ತಡೆಹಿಡಿಯಬೇಕಾಗುತ್ತದೆ. ಸಂಬಳವೂ ಇಲ್ಲ, ಠೇವಣಿಯೂ ಬಂದಿಲ್ಲ ಎಂಬ ಆ ಕೆಲವು ವಾರಗಳಿಗೆ ಬೇರೆ ಹಣ ಇಟ್ಟುಕೊಂಡಿರಬೇಕು.

ಠೇವಣಿಯಲ್ಲಿ ಅನ್ಯಾಯವಾಗಿ ಮುರಿದುಕೊಂಡರೆ ಮೊದಲು ಲಿಖಿತವಾಗಿ ಬಿಲ್ಲುಗಳನ್ನು ಕೇಳಿ. ಉತ್ತರ ಬಾರದಿದ್ದರೆ ಸಣ್ಣ ಮೊತ್ತದ ತಕರಾರುಗಳನ್ನು ತೀರ್ಮಾನಿಸುವ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ: 2 ವರ್ಷ ಮೀರದ ವಾಸದ ಮನೆಯ ಕರಾರುಗಳು, 20,000 ಡಾಲರ್ ವರೆಗಿನ ದಾವೆ, ಇಬ್ಬರೂ ಒಪ್ಪಿದರೆ 30,000. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ತಕರಾರು ಎದ್ದ 2 ವರ್ಷದೊಳಗೆ ಹಾಕಬೇಕು. ಮುದ್ರಾಂಕವಿರುವ ಕರಾರು, ಮೊದಲ ದಿನದ ಫೋಟೋಗಳು, ಎಸಿ ರಸೀದಿ, ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ ಇಷ್ಟನ್ನು ಒಟ್ಟು ಮಾಡಿಟ್ಟುಕೊಳ್ಳಿ. ಠೇವಣಿ ಪೂರ್ತಿ ಕೈಸೇರುವ ತನಕ ಸಿಂಗಾಪುರದ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.